ಕೋವಿಯ ಉಪಕರಣಗಳಿಗೊಂದು ಕಾಂತದ ಹಲಗೆ

ಬಳ್ಳಾರಿಯಲ್ಲಿ ಕೋವಿಯ ಮಾತೆತ್ತಿದರೆ ಕೇಳುವವರ ಮನಸ್ಸು ಗಣಿಗಾರಿಕೆಯ ಉಬ್ಬರದ ದಿನಗಳಲ್ಲಿ ಧಣಿಗಳ ಹಿಂದುಮುಂದೆ ಸುಳಿಯುತ್ತಿದ್ದ ಅಂಗರಕ್ಷಕರ ಕಡೆಗೆ ಹರಿಯುವುದು ಸ್ವಾಭಾವಿಕವಾದರೂ, ಈ ಲೇಖನಕ್ಕೆ ವಿಷಯವಾದ ಕೋವಿಗಳು ಬೇರೆ. ದರೋಜಿಯ ಗುಡ್ಡಗಳ ಅಂಚಿನಲ್ಲಿ ಕಾಡುಹಂದಿಯ ಬಾಯಿಂದ ಬೆಳೆಯನ್ನು ಉಳಿಸಿಕೊಳ್ಳಲೆಂದು ಪರವಾನಗಿ ಪಡೆದ ರೈತನ ಒಂಟಿನಳಿಗೆ, ಸೈನ್ಯದಿಂದ ನಿವೃತ್ತನಾಗಿ ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವವನ ಹನ್ನೆರಡು ಬೋರಿನ ಜೋಡುನಳಿಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿದಂದಿನಿಂದ ಹೊರಗೆ ಬರುವ ಸಂದರ್ಭವೇ ಇಲ್ಲದೆ ಕಪಾಟಿನಲ್ಲಿ ನಿಂತಿರುವ ಅಜ್ಜನ ಕಾಲದ ಬಂದೂಕು—ಇಂಥವು. ಇವುಗಳ ಒಡೆಯರು ವರ್ಷಕ್ಕೆ ಒಂದು ಗುಂಡನ್ನೂ ಹಾರಿಸದಿರಬಹುದು; ಆದರೆ ತಿಂಗಳಿಗೊಮ್ಮೆಯಾದರೂ ನಳಿಗೆಯನ್ನು ಒರಸದಿದ್ದರೆ ಕೋವಿ ಕೋವಿಯಾಗಿ ಉಳಿಯುವುದಿಲ್ಲವೆಂಬುದನ್ನು ಬಲ್ಲರು. ಹೀಗಿದ್ದೂ, ಕೋವಿಗೆ ಕಪಾಟು, ಕಪಾಟಿಗೆ ಬೀಗ, ಬೀಗದ ಹಿಂದೆ ಕಾಯಿದೆ, ಇಷ್ಟೆಲ್ಲ ಏರ್ಪಾಡು ಇರುವಲ್ಲಿ, ಅದನ್ನು ಶುಚಿಗೊಳಿಸತಕ್ಕ ಸಲಾಕೆ, ಕುಂಚ, ತಿರುಪುಳಿ, ಎಣ್ಣೆಯ ಕುಡಿಕೆ, ಚಿಂದಿ—ಇವಕ್ಕೆ ಮಾತ್ರ ಒಂದು ನೆಲೆಯೆಂಬುದಿಲ್ಲ. ನಮ್ಮ ಪಾರ್ವತಿನಗರದ ಮನೆಗಳಲ್ಲಿ ನಾನು ಕಂಡಮಟ್ಟಿಗೆ ಅವುಗಳ ವಾಸಸ್ಥಾನ ಹಳೆಯ ಬಿಸ್ಕತ್ತಿನ ಡಬ್ಬಿ.

ಹಿಂದಿನವರು ಈ ವಿಷಯದಲ್ಲಿ ನಮಗಿಂತ ವಿವೇಕಿಗಳಾಗಿದ್ದರೆಂದು ಒಪ್ಪಬೇಕು. ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ, ಮದ್ದನ್ನು ಜಡಿಯುವುದಕ್ಕೂ ಅರಿವೆ ಸುತ್ತಿ ಒಳಗನ್ನು ಒರಸುವುದಕ್ಕೂ ಬೇಕಾದ ಗಜವು ನಳಿಗೆಯ ಅಡಿಯಲ್ಲಿಯೇ, ಮರದಲ್ಲಿ ಕೊರೆದ ಕಾಲುವೆಯಲ್ಲಿ, ಸೇರಿಕೊಂಡಿರುತ್ತಿತ್ತು. ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸಿಪಾಯಿಯ ಹೆಗಲ ಮೇಲಿದ್ದು, ಇಛಾಪುರದ ಕಾರ್ಖಾನೆಯಲ್ಲಿ ತಯಾರಾಗಿ, ಅನಂತರ ದಶಕಗಳ ಕಾಲ ನಮ್ಮ ಪೋಲೀಸರ ಕೈಯಲ್ಲೂ ಉಳಿದುಕೊಂಡ .303 ಲೀ-ಎನ್‌ಫೀಲ್ಡ್ ರೈಫಲಿನಲ್ಲಿ ಈ ಯುಕ್ತಿ ಇನ್ನೂ ಸೊಗಸಾಗಿದೆ. ಅದರ ಹಿಂಬದಿಯ ಲೋಹದ ಫಲಕದಲ್ಲಿ ಒಂದು ಪುಟ್ಟ ಕದ. ಕದವನ್ನು ಹೆಬ್ಬೆರಳಿನಿಂದ ಒತ್ತಿ ತೆರೆದರೆ ಮರದ ದಿಮ್ಮಿಯೊಳಗೆ ಕೊರೆದ ಬಿಲ. ಬಿಲದೊಳಗೆ ಎಣ್ಣೆಯ ಕುಡಿಕೆ, ಅದರ ಪಕ್ಕದಲ್ಲಿ ಸುರುಳಿ ಸುತ್ತಿದ ಹುರಿ, ಹುರಿಯ ತುದಿಗೆ ಹಿತ್ತಾಳೆಯ ನೀಳವಾದ ಗುಂಡು. ಎನ್‌ಸಿಸಿಯ ಹುಡುಗರು ಪುಲ್‌ಥ್ರೂ ಎಂದು ಕರೆಯುವ ಸಾಧನ ಇದೇ. ಗುಂಡನ್ನು ನಳಿಗೆಯಲ್ಲಿ ಇಳಿಬಿಟ್ಟು, ಹುರಿಯ ಕುಣಿಕೆಗೆ ನಾಲ್ಕಂಗುಲ ಉದ್ದ ಎರಡಂಗುಲ ಅಗಲದ ಚಿಂದಿಯನ್ನು ಸಿಕ್ಕಿಸಿ, ನಡುವೆ ನಿಲ್ಲಿಸದೆ ಒಂದೇ ಉಸಿರಿಗೆ ಎಳೆದರೆ, ಕೊಳೆಯೆಲ್ಲ ಚಿಂದಿಗೆ ಅಂಟಿ ಈಚೆಗೆ ಬರುವುದು. ಆಯುಧವೂ ಅದರ ಆರೈಕೆಯ ಸಾಮಗ್ರಿಯೂ ಒಂದೇ ಮರದ ತುಂಡಿನಲ್ಲಿ ಇರತಕ್ಕದ್ದೆಂಬ ಆ ಕಾಲದ ಎಣಿಕೆಯನ್ನು ಈಗಿನ ಹನ್ನೆರಡು ಬೋರಿನವರು ಬಿಟ್ಟುಕೊಟ್ಟಿದ್ದಾರೆ.

ಕೊಡಗಿನವರಿಗೆ ತುಕ್ಕಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ಸೆಪ್ಟೆಂಬರ್ 3ರ ಸುಮಾರಿಗೆ, ನಾಟಿಯ ಕೆಲಸ ಮುಗಿದ ಮೇಲೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಒರಸಿ ಬೆಳಗಿ, ಅವುಗಳ ಬಾಯಿಗೆ ತೋಕ್‌ಪೂವನ್ನು ಸಿಕ್ಕಿಸಿ ಪೂಜಿಸುವ ಆ ನಾಡಿನಲ್ಲಿ, 1959ರ ಆಯುಧ ಕಾಯಿದೆಯ ಪರವಾನಗಿಯ ಕಟ್ಟಿನಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇರುವುದರಿಂದ, ಕೋವಿಯ ಆರೈಕೆ ಮನೆಮನೆಯ ವಿದ್ಯೆಯಾಗಿದೆ. ತಿಂಗಳುಗಟ್ಟಲೆ ಸುರಿಯುವ ಮಳೆ ಅವರನ್ನು ಎಚ್ಚರದಲ್ಲಿಟ್ಟಿದೆ. ನಮ್ಮ ಸೀಮೆಯ ಅಪಾಯವಾದರೋ ನಮ್ಮ ನೆಮ್ಮದಿಯಲ್ಲಿಯೇ ಇದೆ. ಇಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು, ಚೈತ್ರ-ವೈಶಾಖಗಳಲ್ಲಿ ಗೋಡೆಯೂ ಕಾಯುವುದು. ಇಂತಹ ಒಣನಾಡಿನಲ್ಲಿ ಜಂಗು ಎಲ್ಲಿಂದ ಬಂದೀತೆಂದು ಕೇಳುವವರು ಬಹಳ. ಆದರೆ 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಸಿದ್ಧವಾಗಿ ಕಾಲುವೆಗಳು ಹರಿದಂದಿನಿಂದ ಸಿರುಗುಪ್ಪದ ಸುತ್ತಣ ಭೂಮಿ ಭತ್ತದ ನೀರಿನಲ್ಲಿ ನಿಂತಿದೆ, ಕುರುಗೋಡಿನ ಕಡೆಗೂ ಕಾಲುವೆಯ ತೇವ ಹಬ್ಬಿದೆ. ಮಾಗಿಯ ಬೆಳಗಿನಲ್ಲಿ ಆ ಗದ್ದೆಗಳ ನಡುವಿನ ಮನೆಯ ಕಬ್ಬಿಣದ ಸರಳನ್ನು ಮುಟ್ಟಿ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 60ರ ಗಡಿಯನ್ನು ದಾಟಿತೆಂದರೆ, ಕೊಳೆಯೋ ಉಪ್ಪೋ ಅಂಟಿದ ಉಕ್ಕು ತುಕ್ಕು ಹಿಡಿಯತೊಡಗುವುದು. ಉಪ್ಪನ್ನು ಒದಗಿಸುವುದಕ್ಕೆ ಬಳ್ಳಾರಿಯ ಬೇಸಗೆಯ ಬೆವರುಗೈ ಇದ್ದೇ ಇದೆ. ಕರಿಮದ್ದನ್ನು ಬಳಸುವ ಕೋವಿಯಾದರೆ ಸುಟ್ಟ ಮದ್ದಿನ ಮಡ್ಡಿ ತಾನೇ ನೀರನ್ನು ಹೀರಿಕೊಳ್ಳುವ ಗುಣದ್ದಾದ್ದರಿಂದ ಬೇರೆ ನೆರವೇ ಬೇಡ. ಆ ಮಡ್ಡಿಯ ಲವಣ ಎಣ್ಣೆಯಲ್ಲಿ ಕರಗದು, ಬಿಸಿನೀರಿನಲ್ಲಿ ಕರಗುವುದು. ನಳಿಗೆಗೆ ಕುದಿನೀರು ಹೊಯ್ಯುತ್ತಿದ್ದ ಹಳೆಯ ಸಿಪಾಯಿಗಳ ಪದ್ಧತಿಗೆ ಕಾರಣ ಇದೇ.

ತೇವಕ್ಕಿಂತಲೂ ನಮ್ಮ ಜಿಲ್ಲೆಯ ವಿಶಿಷ್ಟ ಪಿಡುಗು ಧೂಳು. ಸಂಡೂರಿನ ಬೆಟ್ಟಗಳ ಅದಿರು ಮುಖ್ಯವಾಗಿ ಹೆಮಟೈಟ್, ಎಂದರೆ ಕಬ್ಬಿಣದ ಕೆಂಪು ಆಕ್ಸೈಡು. ಅದರ ಜೊತೆಗೆ ಪಟ್ಟೆಪಟ್ಟೆಯಾಗಿ ಬೆಣಚುಕಲ್ಲು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಅದಿರುಗಣಿಗಳನ್ನು ನಿಲ್ಲಿಸುವವರೆಗೂ, ಲಾರಿಗಳ ಸಾಲಿನಿಂದ ಎದ್ದ ಕೆಂಪು ಹುಡಿ ರಸ್ತೆಬದಿಯ ಎಲೆಯ ಮೇಲೂ ಒಣಗಹಾಕಿದ ಬಟ್ಟೆಯ ಮೇಲೂ ಕುಳಿತಿರುತ್ತಿದ್ದುದು ಎಲ್ಲರ ನೆನಪಿನಲ್ಲಿದೆ. ನಿಯಮಬದ್ಧವಾಗಿ ಗಣಿಗಳು ಮತ್ತೆ ತೆರೆದ ಮೇಲೆ ಧೂಳು ತಗ್ಗಿರಬಹುದು, ಇಲ್ಲದೆ ಹೋಗಿಲ್ಲ. ಈ ಹುಡಿಯೊಳಗಿನ ಬೆಣಚಿನ ಕಣ ನಳಿಗೆಯ ಉಕ್ಕನ್ನು ಗೀರಬಲ್ಲಷ್ಟು ಗಡಸು. ಎಣ್ಣೆ ಹಚ್ಚಿದ ಕುಂಚವನ್ನು ಮುಚ್ಚಳವಿಲ್ಲದ ಡಬ್ಬಿಯಲ್ಲಿ ನಾಲ್ಕು ದಿನ ಬಿಟ್ಟು, ಅದನ್ನೇ ನಳಿಗೆಗೆ ತೂರಿಸಿದವನು ಶುಚಿಗೊಳಿಸುತ್ತಿರುವೆನೆಂದು ಭಾವಿಸಿ ಕೋವಿಯನ್ನು ಒಳಗಿನಿಂದ ಅರೆಯುತ್ತಿರುತ್ತಾನೆ. ಒಂದು ಕುತೂಹಲದ ಸಂಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ: ನಳಿಗೆಯ ಮೇಲೆ ಕಾಣುವ ಆ ಕಪ್ಪುನೀಲಿಯ ಹೊಳಪೂ ಕಬ್ಬಿಣದ ಆಕ್ಸೈಡೇ, ಆದರೆ ಅದು ಮ್ಯಾಗ್ನೆಟೈಟ್, ನಮ್ಮ ಪೂರ್ವಿಕರು ಸೂಜಿಗಲ್ಲೆಂದು ಬಲ್ಲ ಶಿಲೆಯ ದ್ರವ್ಯ. ಅದೇ ಲೋಹವು ಒಂದು ಬಗೆಯಲ್ಲಿ ಆಮ್ಲಜನಕದೊಡನೆ ಕೂಡಿ ಕವಚವಾಗಿರುವುದು, ಇನ್ನೊಂದು ಬಗೆಯಲ್ಲಿ ನೀರನ್ನೂ ಸೇರಿಸಿಕೊಂಡು ತುಕ್ಕಾಗಿ ಆ ಕವಚವನ್ನೇ ತಿನ್ನುವುದು.

ಇನ್ನು ಈ ಉಪಕರಣಗಳಿಗೆ ನೆಲೆ ಒದಗಿಸಬಲ್ಲ ಕಾಂತದ ವಿಚಾರ. ಮನೆಯ ಹಳೆಯ ರೇಡಿಯೋದ ಸ್ಪೀಕರಿನ ಬೆನ್ನಿಗಿರುವ ಕಪ್ಪು ಬಳೆಯಂತಹ ಕಾಂತ ಫೆರೈಟ್ ಜಾತಿಯದು. 1950ರ ದಶಕದ ಆರಂಭದಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಶಾಲೆಯವರು ಲೋಕಕ್ಕೆ ಪರಿಚಯಿಸಿದ ಈ ವಸ್ತುವಿಗೆ ಮೂಲದ್ರವ್ಯ ಸಂಡೂರಿನ ಬೆಟ್ಟದಲ್ಲಿರುವ ಕೆಂಪು ಆಕ್ಸೈಡೇ, ಬೇರಿಯಮ್ ಅಥವಾ ಸ್ಟ್ರಾನ್ಷಿಯಮ್ಮಿನೊಡನೆ ಬೆರೆಸಿ ಸುಟ್ಟದ್ದು. ಇದರ ಹತ್ತುಪಾಲು ಶಕ್ತಿಯುಳ್ಳ ನಿಯೊಡಿಮಿಯಮ್ ಕಾಂತ 1980ರ ದಶಕದ ಆದಿಯಲ್ಲಿ ಜಪಾನಿನ ಸುಮಿಟೊಮೊ ಸಂಸ್ಥೆಯಲ್ಲಿಯೂ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿಯೂ ಒಬ್ಬರಿಗೊಬ್ಬರು ತಿಳಿಯದಂತೆ ಸಿದ್ಧವಾಯಿತು. ಅದರಲ್ಲಿಯೂ ಮೂರರಲ್ಲಿ ಎರಡು ಪಾಲು ಕಬ್ಬಿಣವೇ. ನಿಕ್ಕಲಿನ ಲೇಪ ಹರಿದರೆ ತೇವಕ್ಕೆ ಸಿಕ್ಕಿ ಪುಡಿಯಾಗುವುದೂ, ಸಾಮಾನ್ಯ ದರ್ಜೆಯದಾದರೆ 80 ಡಿಗ್ರಿಗಿಂತ ಮೇಲೆ ಕಾದಾಗ ಬಲಗುಂದುವುದೂ ಇದರ ದೌರ್ಬಲ್ಯಗಳು; ಬಳ್ಳಾರಿಯ ಬಿಸಿಲು ಎಷ್ಟೇ ಘೋರವೆನಿಸಿದರೂ ಅಷ್ಟಕ್ಕೆ ಏರದೆಂಬುದು ಸಮಾಧಾನ. ಎರಡು ರೂಪಾಯಿಯ ನಾಣ್ಯದಷ್ಟು ಅಗಲದ ಇಂತಹ ಕಾಂತವೊಂದು ಮರದ ತೆಳುಪದರದ ಹಿಂದಿನಿಂದಲೂ ತಿರುಪುಳಿಯನ್ನು ಹಿಡಿದು ನಿಲ್ಲಿಸಬಲ್ಲದು. ಹಲಗೆಯ ಕಲ್ಪನೆ ಹುಟ್ಟುವುದು ಇಲ್ಲಿ.

ಆದರೆ ಹಲಗೆಯನ್ನು ಮಾಡಹೊರಟವನು ಮೊದಲು ತನ್ನ ಡಬ್ಬಿಯನ್ನು ನೆಲದ ಮೇಲೆ ಸುರಿದು, ಕಾಂತವನ್ನು ಕೈಯಲ್ಲಿ ಹಿಡಿದು, ಒಂದೊಂದನ್ನಾಗಿ ಪರೀಕ್ಷಿಸತಕ್ಕದ್ದು. ತಿರುಪುಳಿಗಳು, ಕೀಲು ತೆಗೆಯುವ ಉಕ್ಕಿನ ಕಡ್ಡಿಗಳು, ಚಿಮಟ, ಸಂದು ಕೆದಕುವ ಕೊಕ್ಕೆ, ಇವು ಟಪ್ಪೆಂದು ಅಂಟಿಕೊಳ್ಳುವುವು. ಹಿತ್ತಾಳೆಯ ತುದಿ, ಕಂಚಿನ ಕುಂಚ, ಉಣ್ಣೆಯ ಬೊಂಡು, ಮೂರು ತುಂಡಿನ ಮರದ ಸಲಾಕೆ, ಅಲ್ಯೂಮಿನಿಯಮ್ ಸಲಾಕೆ, ಇವು ಕದಲವು. ಸ್ವಲ್ಪ ಯೋಚಿಸಿದರೆ ಈ ವಿಂಗಡಣೆ ಆಕಸ್ಮಿಕವಲ್ಲವೆಂದು ಹೊಳೆಯುವುದು: ನಳಿಗೆಯೊಳಕ್ಕೆ ಹೋಗತಕ್ಕ ಸಾಮಗ್ರಿಯೆಲ್ಲ ಉಕ್ಕಿಗಿಂತ ಮೃದುವಾಗಿರಬೇಕೆಂಬ ನಿಯಮದಿಂದಲೇ ಹಿತ್ತಾಳೆ, ಕಂಚು, ಉಣ್ಣೆ, ಮರಗಳಿಂದ ಮಾಡಲ್ಪಟ್ಟಿದೆ, ಅದೇ ಕಾರಣದಿಂದ ಕಾಂತಕ್ಕೆ ಅದರ ಮೇಲೆ ಅಧಿಕಾರವಿಲ್ಲ. ಕಾಂತ ಹಿಡಿಯುವುದನ್ನು ನಳಿಗೆ ಒಲ್ಲದು, ನಳಿಗೆ ಒಪ್ಪುವುದನ್ನು ಕಾಂತ ಹಿಡಿಯದು. ಗುರಿಸ್ಪರ್ಧೆಯ ಪರಿಣತರು ಒಂದೇ ತುಂಡಿನ ನುಣುಪಾದ ಉಕ್ಕಿನ ಸಲಾಕೆಯನ್ನು ಮೆಚ್ಚುವುದುಂಟು. ಮೃದು ಅಲ್ಯೂಮಿನಿಯಮ್ಮಿನಲ್ಲಿ ಮರಳ ಕಣ ನಾಟಿಕೊಂಡು ಕೂರುವುದೆಂಬ ಅವರ ಆಕ್ಷೇಪಣೆಯೂ ನ್ಯಾಯವಾದದ್ದೇ. ಆದರೆ ಅವರ ಕೈಯ ಹದ ಮನೆಯ ಕೋವಿಗಾರನಿಗೆ ಇರುವುದಿಲ್ಲ.

ಈ ಪರೀಕ್ಷೆಯ ಪ್ರಯೋಜನ ಹಲಗೆಗಿಂತಲೂ ದೊಡ್ಡದೆಂದು ನನಗೆ ತೋರುತ್ತದೆ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಹಿತ್ತಾಳೆಯ ಬಣ್ಣದಿಂದ ಮಿನುಗುವ ಕುಂಚಗಳಲ್ಲಿ ಎಷ್ಟೋ, ಹಿತ್ತಾಳೆಯ ತೆಳುಲೇಪವುಳ್ಳ ಉಕ್ಕಿನ ತಂತಿಯವು. ಕಣ್ಣು ಮೋಸಹೋಗುವುದು, ಕಾಂತ ಹೋಗದು. ಕುಂಚದ ನಡುವಣ ಹೊಸೆದ ತಂತಿ ಮಾತ್ರ ಸೆಳೆದರೆ ಚಿಂತೆಯಿಲ್ಲ, ಅದು ನಳಿಗೆಯ ಗೋಡೆಯನ್ನು ಮುಟ್ಟುವುದಿಲ್ಲ. ಬಿರುಗೂದಲೇ ಕಾಂತದ ಕಡೆಗೆ ಬಾಗಿದರೆ ಆ ಕುಂಚವನ್ನು ಗೇಟಿನ ಸರಳು ಉಜ್ಜುವುದಕ್ಕೆ ಕೊಟ್ಟುಬಿಡುವುದು ಲೇಸು.

ಹೀಗೆ ಹಲಗೆಗೆ ಎರಡು ಅಂಗಗಳು ಬೇಕಾಗುವುವೆಂದಾಯಿತು: ಉಕ್ಕಿನವಕ್ಕೆ ನಿಂತಿರುವ ಕಾಂತಫಲಕ, ಉಳಿದವಕ್ಕೆ ಅದರ ಬುಡದಲ್ಲಿ ಮುಂಚಾಚಿದ, ರಂಧ್ರಗಳುಳ್ಳ ಒಂದು ತಟ್ಟು. ಮರ ಯಾವುದಾಗಬೇಕೆಂಬ ಪ್ರಶ್ನೆ ಹಗುರವಾದದ್ದಲ್ಲ. ಜಾಲಿ ನಮ್ಮ ಕಡೆ ಧಾರಾಳವಾಗಿದೆ, ಗಟ್ಟಿಯೂ ಹೌದು. ಆದರೆ ಚರ್ಮ ಹದಮಾಡುವುದಕ್ಕೆ ಅದರ ತೊಗಟೆಯನ್ನು ಒಯ್ಯುತ್ತಿದ್ದುದೇ ಒಗರುದ್ರವ್ಯ ಅದರಲ್ಲಿ ತುಂಬಿರುವುದರಿಂದ, ಮತ್ತು ಆ ಒಗರು ಕಬ್ಬಿಣದೊಡನೆ ತೇವದಲ್ಲಿ ಕೂಡಿದರೆ ಹಳೆಯ ಕಾಲದ ಮಸಿಯೇ ಆಗುವುದರಿಂದ, ಹಲಗೆಯೂ ಕಪ್ಪು, ತಿರುಪುಳಿಯೂ ಕಲೆ. ತೇಗವೇ ಉತ್ತಮ. ಹಡಗು ಕಟ್ಟುವವರು ಓಕ್ ಮರಕ್ಕಿಂತ ತೇಗವನ್ನು ಮೇಲೆಂದದ್ದು ಅದರಲ್ಲಿ ನೆಟ್ಟ ಕಬ್ಬಿಣದ ಮೊಳೆ ಬೇಗ ಕೊಳೆಯದೆಂಬ ಅನುಭವದಿಂದಲೂ ಹೌದು. ಹೊಸ ಹಲಗೆಯನ್ನು ಕೊಳ್ಳಬೇಕೆಂಬುದಿಲ್ಲ. ಕಿತ್ತ ಹಳೆಯ ಕಿಟಕಿಯ ಚೌಕಟ್ಟಿನ ತೇಗ ದಶಕಗಳ ಬಿಸಿಲಿನಲ್ಲಿ ಬಾಗುವುದನ್ನೆಲ್ಲ ಬಾಗಿ ಮುಗಿಸಿರುವುದರಿಂದ ಅದೇ ಲೇಸು.

ನಾನು ಮೊದಲು ಯೋಚಿಸಿದ್ದು, ಒಂದೇ ಹಲಗೆಯ ಬೆನ್ನಿನಿಂದ ಕಾಂತಕ್ಕೆ ಗುಣಿ ಕೊರೆದು ಮುಂದೆ ಎರಡು ಮಿಲಿಮೀಟರಿನಷ್ಟು ಮರವನ್ನು ಉಳಿಸುವುದೆಂದು. ಇದನ್ನು ಕೇಳಿದ ನಮ್ಮ ಬಡಗಿ ಬೈರಿಗೆಯನ್ನು ತಿರುಗಿಸಿ ಅದರ ನಡುಮೂತಿಯ ಚೂಪನ್ನು ತೋರಿಸಿದನು: ಅಂಚು ಗುಣಿಯ ತಳವನ್ನು ಮುಟ್ಟುವ ಮುನ್ನವೇ ಆ ಚೂಪು ಮುಂಬದಿಯಲ್ಲಿ ಕಣ್ಣುಬಿಡುವುದು. “ತಳಾ ಕಾಣದ ತೂತಿಗಿಂತ ಆರಪಾರ ತೂತು ಚಲೋ ರೀ” ಎಂದು ಅವನೇ ಸೂಚಿಸಿದ ಕ್ರಮ ಹೀಗಿದೆ. ಹದಿನೆಂಟು ಅಂಗುಲ ಉದ್ದ, ಐದು ಅಂಗುಲ ಅಗಲದ ಮೂರು ಪದರಗಳು. ಮುಂದಿನದು ಎರಡು ಮಿಲಿಮೀಟರಿನ ತೆಳುಹಾಳೆ, ನಡುವಿನದು ಐದು ಮಿಲಿಮೀಟರ್, ಹಿಂದಿನದು ಹನ್ನೆರಡು. ನಡುವಿನ ಪದರದಲ್ಲಿ ಇಪ್ಪತ್ತು ಮಿಲಿಮೀಟರ್ ಅಗಲದ ರಂಧ್ರಗಳನ್ನು ಒಂದೇ ಗೀರಿನ ಮೇಲೆ ಆರಪಾರವಾಗಿ ಕೊರೆದು, ಐದು ಮಿಲಿಮೀಟರ್ ದಪ್ಪದ ಕಾಂತಗಳನ್ನು ಅವುಗಳಲ್ಲಿ ಕೂಡಿಸುವುದು. ಹಿಂದಿನ ಪದರದಲ್ಲಿ ಉಳಿಯಿಂದ ಒಂದು ಮಿಲಿಮೀಟರ್ ಆಳದ ಕಾಲುವೆ ತೆಗೆದು, ಎಲ್ಲ ಕಾಂತಗಳ ಬೆನ್ನಿಗೂ ತಾಗುವಂತೆ ಮೆದು ಉಕ್ಕಿನ ಪಟ್ಟಿಯನ್ನು ಹಾಸುವುದು. ಈ ಪಟ್ಟಿಯನ್ನು ಅನವಶ್ಯಕವೆಂದು ಬಿಡಬಾರದು. ಒಂದು ಕಾಂತದ ಉತ್ತರಮುಖ ಮುಂದಕ್ಕಿದ್ದರೆ ಅದರ ನೆರೆಯದರ ದಕ್ಷಿಣಮುಖ ಮುಂದಕ್ಕಿರುವಂತೆ ಜೋಡಿಸಿ, ಬೆನ್ನಿಗೆ ಉಕ್ಕನ್ನು ಕೊಟ್ಟರೆ, ಹಿಂದಕ್ಕೆ ಚೆಲ್ಲಿಹೋಗುತ್ತಿದ್ದ ಬಲರೇಖೆಗಳು ಪಟ್ಟಿಯೊಳಗೆ ಹರಿದು ಮುಂದಿನಿಂದ ಹೊರಟು ಪಕ್ಕದ ಕಾಂತವನ್ನು ಸೇರುವುವು. ಹಿಡಿತ ಕಣ್ಣಿಗೆ ಕಾಣುವಷ್ಟು ಹೆಚ್ಚುವುದು. ಮುಖಗಳನ್ನು ಗುರುತಿಸಲು ಕಾಂತಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ, ಮೇಲಿನಿಂದ ಒಂದೊಂದನ್ನೇ ಜಾರಿಸಿ ತೆಗೆಯುತ್ತ, ಮೇಲ್ಮುಖಕ್ಕೆ ಪೆನ್ನಿನಿಂದ ಚುಕ್ಕೆಯಿಟ್ಟುಕೊಂಡರಾಯಿತು. ಎಳೆದು ತೆಗೆಯಹೋದರೆ ಕೈ ತಪ್ಪಿ ಮತ್ತೆ ಬಡಿದುಕೊಂಡು ಚೂರಾಗುವುವು, ನಡುವೆ ಬೆರಳಿದ್ದರೆ ರಕ್ತ ಬರುವುದು.

ತೇಗಕ್ಕೆ ಅಂಟು ಕೂರುವುದರಲ್ಲಿ ಒಂದು ತೊಡಕಿದೆ: ಮರದೊಳಗಿನ ಎಣ್ಣೆ ಮೇಲಕ್ಕೆ ಬಂದು ಅಂಟನ್ನು ದೂರವಿಡುವುದು. ತೋಪಡ ಹೊಡೆದ ದಿನವೇ, ಥಿನ್ನರಿನಲ್ಲಿ ಅದ್ದಿದ ಅರಿವೆಯಿಂದ ಒರಸಿ, ಆರಿದೊಡನೆ ಫೆವಿಕಾಲ್ ಬಳಿದು ಬಿಗಿದು ರಾತ್ರಿಯಿಡೀ ಬಿಡಬೇಕು. ಕಾಂತಕ್ಕೂ ಪಟ್ಟಿಗೂ ಅರಾಲ್ಡೈಟ್. ಮುಖಕ್ಕೆ ಉಪ್ಪುಕಾಗದವನ್ನು ಎಳೆಯ ಉದ್ದಕ್ಕೆ ಆಡಿಸಿ ಅಗಸೆಎಣ್ಣೆಯನ್ನು ಒಂದು ಬಾರಿ ಸವರಿದರೆ ಸಾಕು. ಕನ್ನಡಿಯಂತೆ ಹೊಳೆಯುವ ಪಾಲಿಶ್ ಬೇಡ. ಬೇಡವೆನ್ನುವುದಕ್ಕೆ ಕಾರಣವುಂಟು. ಕಾಂತ ವಸ್ತುವನ್ನು ತನ್ನತ್ತ ಸೆಳೆಯುವ ಬಲ ಬೇರೆ, ಗೋಡೆಯ ಮೇಲೆ ಅದು ಕೆಳಕ್ಕೆ ಜಾರದಂತೆ ತಡೆಯುವ ಬಲ ಬೇರೆ. ಎರಡನೆಯದು ಘರ್ಷಣೆಯನ್ನು ಆಶ್ರಯಿಸಿದ್ದು, ಮೊದಲನೆಯದರ ಒಂದು ಅಂಶ ಮಾತ್ರ. ಕಾಂತವು ಬಲವಾಗಿ ಹಿಡಿದ ಭಾರವಾದ ತಿರುಪುಳಿಯೂ ನುಣುಪಾದ ಫಲಕದ ಮೇಲೆ ನಿಧಾನವಾಗಿ ಇಳಿದುಬಿಡುವುದು. ಒರಟಾದ ಎಳೆ, ಹಲಗೆಯ ತಲೆಯನ್ನು ಹಿಂದಕ್ಕೆ ತುಸು ವಾಲಿಸುವುದು, ಬುಡದಲ್ಲಿರುವ ತಟ್ಟು, ಇವು ಮೂರೂ ಜಾರುವುದನ್ನು ತಡೆಯುವುವು. ಹಿಡಿತಕ್ಕೆಂದು ಚರ್ಮವನ್ನು ಅಂಟಿಸುವವರಿದ್ದಾರೆ. ಹದಮಾಡಿದ ಚರ್ಮದ ಒಗರೂ ಲವಣವೂ ಉಕ್ಕಿಗೆ ವೈರಿಗಳೆಂಬುದನ್ನು, ಚರ್ಮದ ಚೀಲದಲ್ಲಿಯೇ ವರ್ಷಗಟ್ಟಲೆ ಮಲಗಿಸಿದ ಕೋವಿಯನ್ನು ಹೊರಗೆಳೆದು ನೋಡಿದವರು ಬಲ್ಲರು.

ತಟ್ಟಿನ ರಂಧ್ರಗಳು ಕುರುಡಾಗಿರದೆ ಕೆಳಗೆ ತೆರೆದಿರಬೇಕು. ಕುಂಚದ ತಿರುಪಿನ ಬಾಲ ರಂಧ್ರದಲ್ಲಿ, ಬಿರುಗೂದಲು ಮೇಲಕ್ಕೆ, ಹೀಗೆ ನಿಲ್ಲಿಸಿದಾಗ ಕುಂಚದಲ್ಲಿ ಉಳಿದ ದ್ರಾವಣ ಇಳಿದುಹೋಗಲು ದಾರಿ ಬೇಕಷ್ಟೆ. ನಳಿಗೆಗೆ ಅಂಟಿದ ತಾಮ್ರವನ್ನು ಕರಗಿಸುವ ಅಮೋನಿಯಾ ದ್ರಾವಣವಾದರೆ ಅದು ಕಂಚನ್ನೂ ಬಿಡುವುದಿಲ್ಲ, ಆದಕಾರಣ ಕುಂಚವನ್ನು ಮೊದಲು ತೊಳೆದು ಅನಂತರ ನಿಲ್ಲಿಸುವುದು. ಇನ್ನೊಂದು ಎಚ್ಚರಿಕೆ, ಕಾಂತದ ಸಹವಾಸಕ್ಕೆ ಸಂಬಂಧಿಸಿದ್ದು. ಕಾಂತಫಲಕದ ಮೇಲೆ ಬಹುಕಾಲವಿದ್ದ ಗಡಸು ಉಕ್ಕಿನ ಉಪಕರಣ ತಾನೂ ಸ್ವಲ್ಪ ಕಾಂತವಾಗುವುದು. ತಿರುಪನ್ನು ಹಿಡಿಯುವ ತಿರುಪುಳಿಗೆ ಅದು ಉಪಕಾರವೇ ಸರಿ. ಕೋವಿಯ ಕುದುರೆಯ ಒಳಸಂದಿಗೆ ಹೋಗುವ ಕೊಕ್ಕೆಯ ತುದಿಗೆ ಕಬ್ಬಿಣದ ಅರಪುಡಿ ಮೀಸೆಯಾಗಿ ಅಂಟಿಕೊಂಡರೆ ಅಪಕಾರ. ಅಂತಹ ಸೂಕ್ಷ್ಮದವನ್ನು, ಕಾಂತ ಹಿಡಿಯುವುದಾದರೂ, ರಂಧ್ರದಲ್ಲಿಯೇ ಇರಿಸತಕ್ಕದ್ದು. ಕಾಂತದ ತುಂಡನ್ನು ಕಾಗದದಲ್ಲಿ ಸುತ್ತಿ ನಮ್ಮ ಮಾಳಿಗೆಯ ಧೂಳಿನ ಮೇಲೆ ಆಡಿಸಿದರೆ, ಕೆಂಪು ಹುಡಿಯ ಬಹುಭಾಗ ಬಿದ್ದಲ್ಲೇ ಇರುವುದು, ಏಕೆಂದರೆ ಹೆಮಟೈಟಿಗೆ ಕಾಂತದ ಸೆಳೆತ ಅತ್ಯಲ್ಪ. ಆದರೆ ಅದರ ನಡುವಿನಿಂದ ಕರಿಯ ಕಣಗಳು ಕೆಲವು ಎದ್ದು ಸೆಟೆದು ನಿಲ್ಲುವುವು. ಕಾಂತವನ್ನು ಬರಿಮೈಯಲ್ಲಿ ಬಿಡದೆ ಮರದ ಹಾಳೆಯ ಹಿಂದೆ ಅಡಗಿಸುವುದಕ್ಕೆ ಈ ಕಣಗಳೇ ಕಾರಣ: ಮರದ ಮುಖವನ್ನು ಒಂದು ಬಟ್ಟೆಯಿಂದ ಬಳಿದರೆ ಅವು ಬರುವುವು, ಕಾಂತದ ಮೈಯಿಂದ ಅವನ್ನು ಬಿಡಿಸುವುದು ಎಷ್ಟು ಪ್ರಯಾಸವೆಂದು ಒಮ್ಮೆ ಯತ್ನಿಸಿದವರಿಗೆ ಗೊತ್ತು.

ಈ ಹಲಗೆಯನ್ನು ಇಟ್ಟುಕೊಳ್ಳುವುದಕ್ಕೆ ಪರವಾನಗಿ ಬೇಕಿಲ್ಲ; ಆದರೂ ಅದು ನಡುಮನೆಯ ಗೋಡೆಯ ಅಲಂಕಾರವಾಗತಕ್ಕದ್ದಲ್ಲ. ಬಂದುಹೋಗುವವರಿಗೆಲ್ಲ ಮನೆಯಲ್ಲಿ ಕೋವಿಯಿದೆಯೆಂದು ಅದು ಸಾರುತ್ತಿರುವುದು. ಬೀಗವುಳ್ಳ ಕಪಾಟಿನ ಬಾಗಿಲ ಒಳಮೈ ಅದಕ್ಕೆ ಯೋಗ್ಯವಾದ ಸ್ಥಾನ. ತೋಟಾಗಳು ಮಾತ್ರ ಆ ಕಪಾಟಿನಲ್ಲಿರದೆ ಬೇರೆ ಬೀಗದ ಅಡಿಯಲ್ಲಿರಬೇಕು. ಮಿಕ್ಕುಳಿದ ಬಿಡಿಕಾಂತಗಳನ್ನು ಮಕ್ಕಳ ಕೈಗೆ ಎಟುಕುವಂತೆ ಬಿಡುವುದು ಅತ್ಯಂತ ಅಪಾಯಕರ: ಎರಡನ್ನು ನುಂಗಿದ ಮಗುವಿನ ಕರುಳಿನ ಮಡಿಕೆಗಳ ಆಚೀಚೆಯಿಂದ ಅವು ಪರಸ್ಪರ ಸೆಳೆದು ಕರುಳನ್ನೇ ತೂತುಮಾಡಬಲ್ಲವು. ಎದೆಯಲ್ಲಿ ಪೇಸ್‌ಮೇಕರ್ ಇರಿಸಿಕೊಂಡ ಹಿರಿಯರೂ ಹಲಗೆಗೆ ಎದೆಯೊಡ್ಡಿ ನಿಲ್ಲದಿರುವುದು ಕ್ಷೇಮ. ಚುನಾವಣೆ ಘೋಷಣೆಯಾಗಿ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗಿ ಬಂದಾಗ ಹಲಗೆ ಮನೆಯಲ್ಲಿಯೇ ಉಳಿಯುವುದು. ಒಪ್ಪಿಸುವ ಹಿಂದಿನ ದಿನ, ನಳಿಗೆ ಬರಿದಾಗಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಒಳಗೂ ಹೊರಗೂ ಎಣ್ಣೆಯನ್ನು ಎಂದಿಗಿಂತ ತುಸು ದಪ್ಪವಾಗಿಯೇ ಸವರಿ ಕಳುಹಿಸಿದರೆ, ವಾರಗಟ್ಟಲೆ ಒರಸುವವರಿಲ್ಲದೆ ನಿಂತರೂ ಅದಕ್ಕೆ ಹಾನಿಯಾಗದು.

ಇನ್ನು ಆಯುಧಪೂಜೆಯ ದಿನದ ಮಾತು. ಕೋವಿಯನ್ನೂ ಉಪಕರಣಗಳನ್ನೂ ಮಣೆಯ ಮೇಲಿಟ್ಟು ಅರಿಸಿನ ಕುಂಕುಮಗಳನ್ನು ನೀರಿನಲ್ಲಿ ಕಲಸಿ ಹಚ್ಚುವುದು ನಮ್ಮ ಕಡೆಯ ವಾಡಿಕೆ; ಒದ್ದೆ ಅರಿಸಿನದ ಬೊಟ್ಟು ಉಕ್ಕಿನ ಮೇಲೆ ಒಂದು ರಾತ್ರಿ ಕುಳಿತರೆ ಅದರ ಅಡಿಯಲ್ಲಿ ಬೊಟ್ಟಿನಷ್ಟೇ ಅಗಲದ ಕಲೆಯೇಳುವುದು. ಭಕ್ತಿಗೆ ಭಂಗ ಬಾರದಂತೆ ನಮ್ಮ ಬೀದಿಯ ನಿವೃತ್ತ ಸುಬೇದಾರರೊಬ್ಬರು ಕಂಡುಕೊಂಡ ಉಪಾಯ ನನಗೆ ಹಿಡಿಸಿತು. ಉಪಕರಣಗಳನ್ನು ಹಲಗೆಯಿಂದ ಕೀಳುವುದೇ ಇಲ್ಲ. ಹಲಗೆಯನ್ನು ಹಾಗೆಯೇ ಮಣೆಗೆ ತಂದು ಒರಗಿಸಿ, ಬೊಟ್ಟುಗಳನ್ನು ತೇಗದ ಅಂಚಿನ ಮೇಲೆ ಸಾಲಾಗಿ ಇಟ್ಟುಬಿಡುತ್ತಾರೆ. ಕೋವಿಗಂತೂ ಅದರ ಮರದ ದಿಮ್ಮಿಯಿದ್ದೇ ಇದೆ.